ಹಲವರ ಕೈಯ ಕೆಲಸ

ಹೊಲಿಗೆಯ ತರಗತಿಯಲ್ಲಿ ನಮ್ಮ ಉಪಾಧ್ಯಾಯಿನಿಯವರು ಕಸೂತಿಯ ಬಟ್ಟೆಯನ್ನು ಕೈಗೆ ತೆಗೆದುಕೊಂಡೊಡನೆ ಅದನ್ನು ಮಗುಚಿ ಹಿಂಬದಿಯನ್ನು ನೋಡುತ್ತಿದ್ದರು. ಮೇಲಣ ಹೂವು ಎಷ್ಟೇ ಅಂದವಾಗಿದ್ದರೂ ಹಿಂದೆ ದಾರವು ಸಿಕ್ಕಾಗಿದ್ದರೆ ಬಿಚ್ಚಿಸದೆ ಬಿಡುತ್ತಿರಲಿಲ್ಲ. ಈಗ ನಮ್ಮಲ್ಲಿ ಅನೇಕರು ಸೂಜಿಯನ್ನು ಬಿಟ್ಟು ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶಗಳನ್ನು ಬರೆಯುವವರಾಗಿದ್ದೇವೆ. ಈ ಕಸುಬಿನಲ್ಲಿಯೂ ಹಿಂಬದಿಯೇ ಮುಖ್ಯವೆಂಬುದನ್ನು ಶಾಲೆಯ ತಂಗಿಯಂದಿರಿಗೆ ತಿಳಿಸಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಂತ್ರಕ್ಕೆ ಕೊಡುವ ಆಜ್ಞೆಗಳ ಸಾಲುಗಳಿಗೆ ಕೋಡ್ ಎಂದು ಹೆಸರು. ಆಜ್ಞೆಯು ಸರಿಯಾಗಿದ್ದರೆ, ಅದು ಅಂದವಾಗಿದೆಯೋ ಇಲ್ಲವೋ ಎಂಬುದು ಯಂತ್ರಕ್ಕೆ ಬೇಕಿಲ್ಲ. ಆದರೆ ಅದನ್ನು ನಾಳೆ ಓದಿ ತಿದ್ದಬೇಕಾದವರು ಮನುಷ್ಯರು. ಆದಕಾರಣ ಹೆಸರುಗಳು ಅರ್ಥವುಳ್ಳವುಗಳಾಗಿರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬವರು ನಿರ್ಮಿಸಿದ ಗಿಟ್ ಎಂಬ ಸಾಧನವು ಯಾವ ಸಾಲನ್ನು ಯಾರು ಎಂದು ಬದಲಿಸಿದರೆಂಬ ಲೆಕ್ಕವನ್ನು ಇಡುತ್ತದೆ. ಏಕೆ ಬದಲಿಸಿದರೆಂಬುದನ್ನು ಮಾತ್ರ ಬರೆದವರೇ ತಿಳಿಸಬೇಕು. 'ಸರಿಪಡಿಸಿದೆ' ಎಂದಷ್ಟೇ ಗೀಚಿ ಎದ್ದುಹೋಗುವ ದುರಭ್ಯಾಸವು ನಮ್ಮ ಕಸುಬಿನಲ್ಲಿ ಬಹಳವಾಗಿ ಉಂಟು.

ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿದ ಮೇಲೆಯೇ ಸ್ವೀಕರಿಸುವುದು ಇನ್ನೊಂದು ನಿಯಮ. ಅದು ಸುಲಭವಲ್ಲವೆಂಬುದಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಕಥೆಯೇ ಸಾಕ್ಷಿ. ಅಂತರ್ಜಾಲದಲ್ಲಿ ಹೋಗುವ ಸಂದೇಶಗಳನ್ನು ಗುಪ್ತವಾಗಿಡುವ ಈ ತಂತ್ರಾಂಶವು ಎಲ್ಲರಿಗೂ ಉಚಿತ. ಜೋಡಿಸಿಕೊಂಡಿರುವ ಎರಡು ಯಂತ್ರಗಳು ಪರಸ್ಪರ ಎಚ್ಚರವಾಗಿವೆಯೇ ಎಂದು ವಿಚಾರಿಸುವ ಏರ್ಪಾಡೊಂದನ್ನು 2011ರ ಕೊನೆಯಲ್ಲಿ ಅದಕ್ಕೆ ಸೇರಿಸಲಾಯಿತು. ಒಂದು ಯಂತ್ರವು ಒಂದು ಮಾತನ್ನು ಕಳುಹಿಸಿ, ಅದರ ಉದ್ದವನ್ನೂ ತಿಳಿಸಿ, ಅದನ್ನೇ ಹಿಂದಕ್ಕೆ ಕೇಳುವುದು. ತಿಳಿಸಿದ ಉದ್ದವು ನಿಜವೋ ಎಂದು ಅಳೆದು ನೋಡುವ ಆಜ್ಞೆಯು ಬಿಟ್ಟುಹೋಗಿತ್ತು. ನೆರೆಯವಳು ಒಂದು ಪಾವು ಅಕ್ಕಿಯನ್ನು ತಂದುಕೊಟ್ಟು, 'ಕೊಟ್ಟದ್ದು ಒಂದು ಮುಡಿ, ಹಿಂದಿರುಗಿಸಿರಿ' ಎಂದರೆ, ಅಳೆಯದೆ ನಮ್ಮ ಕಣಜದಿಂದಲೇ ತೆಗೆದುಕೊಟ್ಟಂತೆ! ಹೀಗೆ ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಯಂತ್ರದ ನೆನಪಿನಲ್ಲಿದ್ದ ಗುಪ್ತಪದಗಳೂ ರಹಸ್ಯ ಕೀಲಿಗಳೂ ಹೊರಬೀಳಬಹುದಾಗಿತ್ತು.

ಆ ಕೋಡನ್ನು ತಂಡದವರೊಬ್ಬರು ಓದಿಯೇ ಒಪ್ಪಿದ್ದರು. 2012ರ ಮಾರ್ಚಿಯಲ್ಲಿ ಪ್ರಕಟವಾದ ಆ ತಪ್ಪು 2014ರ ಏಪ್ರಿಲ್ 7ರಂದು ಬಹಿರಂಗವಾಯಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಕೆನಡಾದ ಕಂದಾಯ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳುವಾದುವು. ಲೋಕದ ಬಹುಭಾಗವು ಆಶ್ರಯಿಸಿದ್ದ ಈ ತಂತ್ರಾಂಶಕ್ಕೆ ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರೇ. ದಾನವಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು 2,000 ಡಾಲರು ಎಂಬುದು ಆಮೇಲೆ ಜನರಿಗೆ ತಿಳಿಯಿತು. ಕೋಟಿಗಟ್ಟಲೆ ಲಾಭ ಗಳಿಸುವ ಕಂಪೆನಿಗಳು ಅದನ್ನು ಬಳಸುತ್ತಿದ್ದುವು. ಬರೆದವರನ್ನೂ ಓದಿದವರನ್ನೂ ದೂಷಿಸಿದವರು ಅನೇಕರು. ನಮಗಂತೂ, ಮೂರನೆಯವರಾಗಿ ಓದಬಹುದಾಗಿದ್ದು ಓದದೆ ಹೋದವರ ಪಾಲೇ ದೊಡ್ಡದೆಂದು ತೋರುತ್ತದೆ. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ನಿನವರು ದೊಡ್ಡ ಕಂಪೆನಿಗಳಿಂದ ಹಣ ಕೂಡಿಸುವ ಏರ್ಪಾಡು ಮಾಡಿದರು.

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಬರಿಯ ಹೆಸರುಗಳ ಪಟ್ಟಿಯೆಂದು ನಾವು ಸತ್ಯವೇದ ಪಾಠದಲ್ಲಿ ಬೇಸರದಿಂದ ಓದುತ್ತಿದ್ದೆವು. ಯೆರೂಸಲೇಮಿನ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂಬ ಲೆಕ್ಕವದು. ಗಿಟ್ಟಿನ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ತೆಕೋವದ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂಬುದನ್ನೂ ಅಲ್ಲಿ ಬರೆದಿಟ್ಟಿದ್ದಾರೆ. ಪಟ್ಟಣದ ಅರ್ಧ ಸೀಮೆಗೆ ಅಧಿಪತಿಯಾಗಿದ್ದ ಶಲ್ಲೂಮನ ಕುಮಾರ್ತೆಯರು ಮಾತ್ರ ತಂದೆಯೊಡನೆ ನಿಂತು ಗೋಡೆ ಕಟ್ಟಿದರು.

ಹಾರ್ಟ್‌ಬ್ಲೀಡಿನ ತಿದ್ದುಪಡಿಯು ಗಿಟ್ಟಿನಲ್ಲಿ ಈಗಲೂ ಇದೆ. ಯಾರು ಬೇಕಾದರೂ ತೆರೆದು ಓದಬಹುದು. ಅದರ ತಲೆಬರಹದಲ್ಲಿ ಯಾವ ಅಳತೆಯು ಬಿಟ್ಟುಹೋಗಿತ್ತು, ಅದರಿಂದ ಏನು ಹೊರಬೀಳುತ್ತಿತ್ತು, ತಪ್ಪನ್ನು ಕಂಡುಹಿಡಿದವರಾರು, ತಿದ್ದಿದವರಾರು ಎಂಬುದನ್ನೆಲ್ಲ ಕೆಲವೇ ಸಾಲುಗಳಲ್ಲಿ ಬರೆದಿದ್ದಾರೆ.