ಬೀಪ್ ಹೊಡೆದ ಕಂಪ್ಯೂಟರ್, ಸುಮ್ಮನಾದ ಹುಡುಗ



ಆಟಿ ತಿಂಗಳ ಒಂದು ಶನಿವಾರ. ಹೊರಗೆ ಜಡಿಮಳೆ. ಚರ್ಚಿನ ಕಚೇರಿಯ ಕಂಪ್ಯೂಟರ್ ಆನ್ ಮಾಡಿದೆವು. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಉದ್ದುದ್ದ ಬೀಪ್ ಬಿಟ್ಟರೆ ಬೇರೇನಿಲ್ಲ. ನಮ್ಮ ಎದೆ ಧಸಕ್ಕೆಂದಿತು. ಎರಡು ವರ್ಷ ಮನೆಮನೆಗೆ ಹೋಗಿ ಬರೆದು ತಂದು ಟೈಪ್ ಮಾಡಿದ ಕುಟುಂಬಗಳ ಪಟ್ಟಿ ಅದರಲ್ಲೇ ಇತ್ತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಹಿಂದಿನ ಸಂಜೆ ಗೀತೆಗಳ ಹಾಳೆ ಪ್ರಿಂಟ್ ತೆಗೆದವನು ಎಂಟನೇ ಕ್ಲಾಸಿನ ಹುಡುಗ. "ಎಂತ ಮಾರಾಯ ಮಾಡಿದ್ದು ನೀನು?" ಎಂದು ಎಲ್ಲರೆದುರೇ ಕೇಳಿದೆವು. "ಎಂತದೂ ಮಾಡ್ಲಿಲ್ಲ ಅಣ್ಣ" ಎಂದ. ನಾವು ನಂಬಲಿಲ್ಲ. ಮರುದಿನ ಅವನು ಪೂಜೆಗೆ ಬಂದರೂ ನಮ್ಮ ಹತ್ತಿರ ಸುಳಿಯಲಿಲ್ಲ.

ಪೂಜೆ ಮುಗಿದ ಮೇಲೆ ಫಾದರ್ ಅವರ ಅನುಮತಿ ಕೇಳಿ ಬಾಕ್ಸ್ ಬಿಚ್ಚಲು ಕೂತೆವು. ಬಿಎಸ್ಸಿ ಓದಿದ ಧೈರ್ಯ ಅಷ್ಟೇ. ಮೊದಲು ಕರೆಂಟಿನ ವಯರ್ ಕಿತ್ತೆವು. ಮೈಯ ಸ್ಥಾಯೀ ವಿದ್ಯುತ್ ಹೋಗಲಿ ಎಂದು ಒಳಗಿನ ಕಬ್ಬಿಣದ ಚೌಕಟ್ಟು ಮುಟ್ಟಿದೆವು. ಫ್ಯಾನ್ ತಿರುಗಿ, ಪರದೆ ಬಾರದೆ ಬೀಪ್ ಮಾತ್ರ ಕೇಳಿದರೆ ಹೆಚ್ಚಾಗಿ ರ್‍ಯಾಮ್ ನೋಡಬೇಕು. ತೆಗೆದು ನೋಡಿದರೆ ಅದರ ಚಿನ್ನದ ಬಣ್ಣದ ಅಂಚು ಮಳೆಗಾಲದ ತೇವಕ್ಕೆ ಮಂಕಾಗಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ 'ಟಕ್' ಎನ್ನುವವರೆಗೆ ಒತ್ತಿದೆವು. ಪರದೆ ಬಂತು!

ಆದರೆ ವಿಂಡೋಸ್ ಬರಲಿಲ್ಲ. ಕಂಪ್ಯೂಟರಿನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಕಾರಣ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರವನ್ನು ಓಡಿಸುವ 3 ವೋಲ್ಟಿನ ಬಿಲ್ಲೆ ಅದು. ಅದು ಸತ್ತಾಗ ಸೆಟ್ಟಿಂಗುಗಳೂ ಅಳಿಸಿಹೋಗಿದ್ದವು. ಹೊಸದು ಹಾಕಿ, ತಾರೀಕು ಸರಿಮಾಡಿ, ಮೊದಲು ಹಾರ್ಡ್ ಡಿಸ್ಕಿನಿಂದಲೇ ಶುರುವಾಗುವಂತೆ ಮಾಡಿದೆವು. ವಿಂಡೋಸ್ ಬಂತು. ಪಟ್ಟಿ ಹಾಗೆಯೇ ಇತ್ತು. ಕೂಡಲೇ ಒಂದು ಪೆನ್‌ಡ್ರೈವಿಗೆ, ಇನ್ನೊಂದು ಬೇರೆ ಡಿಸ್ಕಿಗೆ ಕಾಪಿ ಮಾಡಿದೆವು.

ತಪ್ಪು ತೇವದ್ದು, ಹಳೇ ಬ್ಯಾಟರಿಯದ್ದು. ಹುಡುಗನದ್ದಲ್ಲ.

ಆ ಸಂಜೆ ಕೊಡೆ ಹಿಡಿದು ಅವನ ಮನೆಗೆ ಹೋದೆವು. "ತಪ್ಪಾಯ್ತು ಮಾರಾಯ" ಎಂದೆವು. ಬ್ಯಾಟರಿ ಬದಲಿಸುವುದಕ್ಕಿಂತ ಅದು ಕಷ್ಟವಾಯಿತು. ಅವನಮ್ಮ ಚಾ ಕೊಟ್ಟರು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಅಣ್ಣ, ಇನ್ನೊಮ್ಮೆ ಬಿಚ್ಚುವಾಗ ನನ್ನನ್ನೂ ಕರೀತೀರಾ?"

ಈಗ ತಿಂಗಳಿಗೊಮ್ಮೆ ಪಟ್ಟಿಯ ಕಾಪಿ ತೆಗೆಯುವವನು ಅವನೇ. ನಿಮ್ಮಲ್ಲೂ ಏನಾದರೂ ಕೆಟ್ಟರೆ, ಕೊನೆಗೆ ಮುಟ್ಟಿದ್ದು ಯಾರು ಎಂದು ಕೇಳುವ ಮೊದಲು ಬಾಕ್ಸ್ ಬಿಚ್ಚಿ ನೋಡಿ.