ಚಾರ್ಮಾಡಿ ಏರಿನಲ್ಲಿ ಪೆಟ್ರೋಲಿನ ಬೆನ್ನು ಹತ್ತಿ

ಎಂಜಿನ್ ಕೆಮ್ಮಿತು, ಮುಗ್ಗರಿಸಿತು, ನಿಂತೇಹೋಯಿತು. ಚಾರ್ಮಾಡಿ ಘಾಟಿಯ ಕಡಿದಾದ ತಿರುವಿನಲ್ಲಿ ಕಾರು ಹಿಂದಕ್ಕೆ ಜಾರತೊಡಗಿತು! ಮಾವ ಬ್ರೇಕಿನ ಮೇಲೆ ನಿಂತೇಬಿಟ್ಟರು. “ಕಲ್ಲು ಕೊಡು ಮಾರಾಯ, ಚಕ್ರಕ್ಕೆ ಕಲ್ಲು ಕೊಡು!” ಬಾಗಿಲು ತೆರೆದು ಹಾರಿದೆ. ಹಿಂದಿನ ಚಕ್ರಕ್ಕೂ ಪ್ರಪಾತದ ಅಂಚಿಗೂ ಒಂದು ಮಾರು ದೂರವೂ ಇರಲಿಲ್ಲ. ಕೈಗೆ ಸಿಕ್ಕ ಬಂಡೆಯನ್ನು ಎತ್ತಿ ಟೈರಿನ ಬುಡಕ್ಕೆ ತಳ್ಳಿದೆ. ಕಾರು ಕಲ್ಲಿಗೆ ಒರಗಿ ನಿಂತಿತು.

ಮೇ ತಿಂಗಳ ಸಂಜೆ. ಕೊಟ್ಟಿಗೆಹಾರದ ಕಡೆಯಿಂದ ಮೋಡ ಗುಡುಗುತ್ತ ಇಳಿಯುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ಇನ್ನೂ ಮೇಲೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಕತ್ತಲಾದರೆ ಕಾಡಾನೆ ಇಳಿಯುವ ದಾರಿಯಿದು. ಮಂಜು ಕವಿದರೆ ಮೇಲಿನಿಂದ ಬರುವವರಿಗೆ ನಮ್ಮ ಕಾರು ಕಾಣುವುದೂ ಇಲ್ಲ. ಅತ್ತೆಯನ್ನು ಇಳಿಸಿ ಗುಡ್ಡದ ಬದಿಗೆ ಕೂರಿಸಿದೆವು. ಸೊಪ್ಪು ಮುರಿದು ಕಾರಿನ ಎರಡೂ ಕಡೆ ರಸ್ತೆಗೆ ಹಾಸಿದೆವು. ಬಾನೆಟ್ ಎತ್ತಿದೆ.

ನಮ್ಮದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ವಂಶ, 1089 ಸಿಸಿ ಎಂಜಿನ್. ದೋಷ ಹೇಳುವ ಕಂಪ್ಯೂಟರ್ ಇದರಲ್ಲಿಲ್ಲ. ಆದರೆ ಕಾರ್ಬೊರೇಟರ್ ಕಾರು ಏನನ್ನೂ ಮುಚ್ಚಿಡುವುದಿಲ್ಲ. ಕ್ರಮವಾಗಿ ಕೇಳುತ್ತ ಹೋದರೆ ಎಲ್ಲವನ್ನೂ ಬಾಯಿ ಬಿಡುತ್ತದೆ. ಆ ಸಂಜೆ ನಮಗಿದ್ದ ಆಸರೆ ಆ ನಂಬಿಕೆಯೊಂದೇ.

ಮೊದಲ ಪ್ರಶ್ನೆ: ಕರೆಂಟೋ, ಪೆಟ್ರೋಲೋ? ಪ್ಲಗ್ ಬಿಚ್ಚಿದೆ. ಒಣಗಿತ್ತು. ಬ್ಲಾಕಿಗೆ ತಾಗಿಸಿದೆ, ಮಾವ ಸೆಲ್ಫ್ ಹೊಡೆದರು. ಚಟ್! ನೀಲಿ ಕಿಡಿ. ಕರೆಂಟ್ ಇದೆ. ಏರ್ ಕ್ಲೀನರ್ ತೆಗೆದು ಕಾರ್ಬೊರೇಟರಿನ ಬಾಯೊಳಗೆ ಇಣುಕಿ ಥ್ರಾಟಲ್ ಎಳೆದೆ. ಪೆಟ್ರೋಲ್ ಸಣ್ಣಗೆ ಚಿಮ್ಮಬೇಕು. ಒಂದು ಹನಿಯೂ ಇಲ್ಲ. ಫ್ಲೋಟ್ ಇರುವ ಬಟ್ಟಲು ಬರಿದಾಗಿದೆ!

“ವೇಪರ್ ಲಾಕೇ ಇದು. ಪಂಪ್ ಕಾದು ಪೆಟ್ರೋಲ್ ಆವಿಯಾಗಿದೆ,” ಎಂದರು ಮಾವ. ಕುಡಿಯುವ ನೀರನ್ನೇ ಬಟ್ಟೆಗೆ ಸುರಿದು ಪಂಪಿಗೆ ಸುತ್ತಿದೆವು. ಕಾದೆವು. ಲೋಹ ಕೈಗೆ ತಣ್ಣಗೆ ತಾಗಿತು. ಸೆಲ್ಫ್ ಹೊಡೆದರೆ ಎಂಜಿನ್ನಿನದು ಅದೇ ಮೌನ! ಗುಡುಗು ನೆತ್ತಿಯ ಮೇಲೇ ಬಂದಿತ್ತು. ಬ್ಯಾಟರಿ ಇಳಿಯುತ್ತಿತ್ತು. ಇನ್ನು ಊಹೆ ಸಾಕು, ಪೆಟ್ರೋಲ್ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು.

ಕಿಡಿ ಹಾರದಂತೆ ಕಾಯಿಲ್‌ನ ಸಣ್ಣ ವೈರ್ ಕಳಚಿದೆ. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದೆ. “ಹೊಡೀರಿ ಮಾವ!” ಪಂಪ್ ಮಿಡಿದಂತೆಲ್ಲ ಪೆಟ್ರೋಲ್ ದಪ್ಪವಾಗಿ ಚಿಮ್ಮಬೇಕಿತ್ತು. ಬಂದದ್ದು ನೊರೆ. ಗುಳ್ಳೆ, ಮತ್ತೆ ಗುಳ್ಳೆ!

ಪಂಪ್ ತಣ್ಣಗಿದ್ದೂ ಗುಳ್ಳೆ ಬಂತೆಂದರೆ ಆವಿಯಲ್ಲ, ಗಾಳಿ. ಪಂಪಿಗೂ ಟ್ಯಾಂಕಿಗೂ ನಡುವೆ ಎಲ್ಲೋ ಗಾಳಿ ನುಗ್ಗುತ್ತಿದೆ. ಈ ದೋಷ ಕಣ್ಣಿಗೆ ಬೀಳದು: ಹೀರುವ ಕಡೆಯ ಸೀಳಿನಿಂದ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿಯೇ ಒಳಗೆ ಬರುತ್ತದೆ. ಸೀಳಿದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ. ಉಜಿರೆಯಿಂದ ಸಮತಟ್ಟಿನಲ್ಲಿ ಬರುವಾಗ ಪಂಪ್ ಹೇಗೋ ಸಂಭಾಳಿಸಿತ್ತು. ಏರಿನಲ್ಲಿ ಎಂಜಿನ್ನಿನ ದಾಹ ಹೆಚ್ಚು. ಹಿಂದಿನ ಟ್ಯಾಂಕೋ ಇನ್ನಷ್ಟು ತಗ್ಗಿಗೆ ಇಳಿದಿರುತ್ತದೆ. ಆಗ ಪಂಪ್ ಸೋಲುತ್ತದೆ.

ಪಂಪಿನ ಒಳಬಾಯಿಗೆ ಬೆರಳು ಒತ್ತಿದೆ, ಜಗ್ಗಿ ಹೀರಿತು. ಡಯಾಫ್ರಮ್ ಸರಿಯಿದೆ. ಮಾವ ಟ್ಯಾಂಕಿನ ಮುಚ್ಚಳ ತೆರೆದರು; ಬುಸ್ಸೆಂದು ಗಾಳಿ ಎಳೆಯಲಿಲ್ಲ. ಅಲ್ಲಿಯ ಗಾಳಿರಂಧ್ರ ಕಟ್ಟಿಲ್ಲ. ಉಳಿದದ್ದು ಪೈಪ್. ರಬ್ಬರ್ ಹೋಸಿನ ತುದಿಗೆ ಬಾಯಿಟ್ಟು ಊದಿದೆ. “ಟ್ಯಾಂಕಿನಲ್ಲಿ ಗುಳುಗುಳು ಅಂತಿದೆ!” ಮಾವ ಕೂಗಿದರು. ಅದೇ ಗಳಿಗೆಗೆ, ಹೋಸು ಕಬ್ಬಿಣದ ಪೈಪಿಗೆ ಕೂಡುವಲ್ಲಿ, ಕ್ಲಿಪ್ಪಿನ ಪಕ್ಕದಲ್ಲಿ, ನನ್ನ ಬೆರಳಿಗೆ ತಣ್ಣನೆ ಉಸಿರು ತಾಗಿತು. ಬಗ್ಗಿಸಿದೆ. ರಬ್ಬರ್ ಬಾಯಿಬಿಟ್ಟಿತು!

ಇದನ್ನು ಹಳೆಯ ಕಾರಿನವರೆಲ್ಲ ಕೇಳಲೇಬೇಕು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇ 10 ಮುಟ್ಟಿತು, 2025ಕ್ಕೆ ಶೇ 20. ಪದ್ಮಿನಿ ಕಾಲದ ರಬ್ಬರ್ ಅದನ್ನು ತಾಳುವಂಥದ್ದಲ್ಲ. ಉಬ್ಬುತ್ತದೆ, ಗಡುಸಾಗುತ್ತದೆ, ಬಿರಿಯುತ್ತದೆ.

ಮಳೆಯ ಮೊದಲ ಹನಿ ಬಿತ್ತು. ಚಾಕುವಿನಿಂದ ಬಿರಿದ ತುದಿ ಕತ್ತರಿಸಿ, ಉಳಿದ ಹೋಸನ್ನು ಎಳೆದೆಳೆದು ಪೈಪಿಗೆ ತುರುಕಿ, ಕ್ಲಿಪ್ ಬಿಗಿದೆ. ಬಾಟಲಿಯ ಪೆಟ್ರೋಲನ್ನು ಕಾರ್ಬೊರೇಟರಿನ ಒಳಪೈಪಿಗೆ ನಿಧಾನ ಸುರಿದು ಬಟ್ಟಲು ತುಂಬಿಸಿದೆ. ಪೈಪ್ ಜೋಡಿಸಿದೆ. ಚೆಲ್ಲಿದ್ದನ್ನೆಲ್ಲ ಒರೆಸಿ, ಅದು ಆರಿದ ಮೇಲೆಯೇ ವೈರ್ ಸಿಕ್ಕಿಸಿದೆ. ಬ್ಯಾಟರಿಯಲ್ಲಿ ಉಳಿದದ್ದು ಒಂದೇ ಉಸಿರು.

“ಅಣ್ಣಪ್ಪ!” ಎಂದು ಮಾವ ಕೀಲಿ ತಿರುಗಿಸಿದರು. ಗುರ್… ಗುರ್… ಹಿಡಿಯಿತು! ಬಟ್ಟಲು ಬರಿದಾಗುವುದರೊಳಗೆ ಪಂಪ್ ಎಳೆಯಬೇಕು. ಎಂಜಿನ್ ತಡವರಿಸಿತು, ಮತ್ತೆ ಗಟ್ಟಿ ದನಿಯಲ್ಲಿ ಎದ್ದಿತು. ಅತ್ತೆ ಓಡಿಬಂದು ಹತ್ತಿದರು. ಕಾರು ಮುಂದೆ ಕದಲುತ್ತಲೇ ಕಲ್ಲನ್ನು ಅಂಚಿಗೆ ಉರುಳಿಸಿ, ಸೊಪ್ಪು ಬದಿಗೆಳೆದು ನಾನೂ ಹಾರಿ ಕುಳಿತೆ. ಮಳೆ ಹಿಡಿಯಿತು. ಮಾವ ಕೊಟ್ಟಿಗೆಹಾರದಲ್ಲೂ ಎಂಜಿನ್ ಆರಿಸಲಿಲ್ಲ. ಮೂಡಿಗೆರೆಯ ಗ್ಯಾರೇಜಿನಲ್ಲಿ ಎಥೆನಾಲ್ ತಾಳುವ ಹೋಸು ಕೇಳಿ ತಂದು, ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಒಂದು ತುಂಡೂ ಬಿಡದೆ ಬದಲಾಯಿಸಿದೆವು.