ಅಡಿಕೆ ದುಡ್ಡು, ಅಡ್ವಾನ್ಸ್ ದುಡ್ಡು

ಮೊಮ್ಮಕ್ಕಳ ಕೈಗೆ ದುಡ್ಡು ಕೊಡುವುದು ಅಜ್ಜ ಅಜ್ಜಿಯರಿಗೆ ಹೊಸದಲ್ಲ. ರಜೆ ಮುಗಿಸಿ ಹೊರಟ ಮಗುವಿನ ಮುಷ್ಟಿಯೊಳಗೆ, ಸೆರಗಿನ ಗಂಟು ಬಿಚ್ಚಿ ತೆಗೆದ ನೋಟೊಂದು ಬಸ್ಸು ಹೊರಡುವ ಮೊದಲೇ ಸೇರಿಬಿಡುತ್ತದೆ. ನಾಲ್ಕು ಮಡಿಕೆ ಬಿದ್ದ ಆ ನೋಟಿಗೆ ಎಲೆಯಡಿಕೆ ಸಂಚಿಯದೋ ಸಾಸಿವೆ ಡಬ್ಬಿಯದೋ ವಾಸನೆ. ಅದೇ ಮೊಮ್ಮಗು ಇಪ್ಪತ್ತೆರಡಾಗಿ ಕೆಲಸಕ್ಕೆಂದು ಊರು ಬಿಟ್ಟಾಗ ಬೇಕಾಗುವ ದುಡ್ಡು ಮುಷ್ಟಿಯಲ್ಲಿ ಹಿಡಿಸುವಂಥದ್ದಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಬಹುಕಾಲದ ರೂಢಿ. ಅದಕ್ಕಿಂತ ಕಡಿಮೆಗೆ ಒಪ್ಪುವ ಮಾಲೀಕರೂ ಇದ್ದಾರೆ. 15,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ 1.5 ಲಕ್ಷ. ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಅಡ್ವಾನ್ಸ್ ಎಣಿಸಬೇಕಾದ್ದು ಬೀಗದ ಕೈ ಸಿಗುವ ಮೊದಲು. ಈ ಒಂದು ತಿಂಗಳ ಸಂದಿನಲ್ಲೇ ಎಷ್ಟೋ ಹುಡುಗ ಹುಡುಗಿಯರು ಕ್ರೆಡಿಟ್ ಕಾರ್ಡಿನ, ಮೊಬೈಲ್ ಆಪ್ ಸಾಲದ ಬಡ್ಡಿಗೆ ಸಿಕ್ಕಿಬೀಳುತ್ತಾರೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅಜ್ಜ ಅಡ್ವಾನ್ಸ್ ಕಟ್ಟಿಕೊಟ್ಟರೆ ಆ ಕುತ್ತು ತಪ್ಪುತ್ತದೆ. ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಮಾಲೀಕರು ಹಿಂದಿರುಗಿಸುತ್ತಾರೆ. ಅಕ್ಕನ ಅಡ್ವಾನ್ಸು ಹೀಗೆ ತಮ್ಮನ ಅಡ್ವಾನ್ಸಾಗುತ್ತದೆ, ಆಮೇಲೆ ಚಿಕ್ಕಪ್ಪನ ಮಗಳದ್ದು. ಒಮ್ಮೆ ಕೊಟ್ಟ ದುಡ್ಡು ಮನೆಯೊಳಗೇ ಸುತ್ತುವ ಇಂಥ ದಾರಿ ಬೇರೆ ಸುಲಭಕ್ಕೆ ಸಿಗದು.

ತೆರಿಗೆಯ ಅಂಜಿಕೆ ಇಲ್ಲಿ ಬೇಡ. ಕೊಡುವವರ ಮೇಲಿದ್ದ ದಾನ ತೆರಿಗೆ 1998ರ ಅಕ್ಟೋಬರ್ 1ರಿಂದ ಇಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದರೆ, ಮದುವೆಯ ಉಡುಗೊರೆ ಬಿಟ್ಟು, ಅದು ಪಡೆದವರ ಆದಾಯವೆನಿಸುತ್ತದೆ. ಅಜ್ಜ ಅಜ್ಜಿ ಕೊಟ್ಟದ್ದಕ್ಕೆ ಆ ಮಿತಿಯೇ ಇಲ್ಲ. ಮಗನ ಮಕ್ಕಳು, ಮಗಳ ಮಕ್ಕಳು ಎಂಬ ಭೇದವನ್ನೂ ಈ ಕಾನೂನು ಮಾಡುವುದಿಲ್ಲ. ಹಿಂದಿಯಲ್ಲಿ ಮಗನ ಮಗನಿಗೊಂದು ಹೆಸರು, ಮಗಳ ಮಗನಿಗೊಂದು ಹೆಸರು. ಕನ್ನಡಕ್ಕೆ ಇಬ್ಬರೂ ಮೊಮ್ಮಗನೇ. ಭಾಷೆಗಿರುವ ಈ ಸಮಬುದ್ಧಿ ದುಡ್ಡು ಹಂಚುವಾಗ ಎಷ್ಟೋ ಮನೆಗಳಲ್ಲಿ ಮರೆತುಹೋಗುತ್ತದೆ. ಮಗಳ ಮಕ್ಕಳು ಬೇರೆ ಮನೆಯವರು ಎಂದು ಅವರನ್ನು ಕೈಬಿಡುವುದು ತಪ್ಪು.

ಕೊಟ್ಟ ಹಣದ ಬಡ್ಡಿ, ಮೊಮ್ಮಗುವಿಗೆ ಹದಿನೆಂಟು ತುಂಬಿದ್ದರೆ ಅವರದೇ ಆದಾಯ. ತುಂಬದಿದ್ದರೆ ಸಾಮಾನ್ಯವಾಗಿ ಅಪ್ಪ ಅಮ್ಮಂದಿರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರುತ್ತದೆ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಾಗಾಗಿ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸರಿ. ಜೊತೆಗೆ ಒಂದು ಹಾಳೆಯಲ್ಲಿ ಇದು ಕೈಗಡವಲ್ಲ, ಉಡುಗೊರೆ ಎಂದು ಬರೆದು ಸಹಿ ಹಾಕಿಟ್ಟರೆ ಮುಂದೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುವುದಿಲ್ಲ. ಕೊಟ್ಟದ್ದು ಸಾಲವೋ ಕೊಡುಗೆಯೋ ಎಂದು ಯಾರೂ ಬಾಯಿಬಿಟ್ಟು ಹೇಳದೆ ಕೆಟ್ಟ ಸಂಬಂಧಗಳು ಬಹಳ. ಸೈಟು, ಜಮೀನು ಕೊಡುವುದಾದರೆ ಹಾಳೆ ಸಾಲದು: ಇಬ್ಬರು ಸಾಕ್ಷಿಗಳ ಸಹಿಯಿರುವ ನೋಂದಾಯಿತ ದಾನಪತ್ರ ಬೇಕು, ಕೊಡುವವರು ಬದುಕಿರುವಾಗಲೇ ಪಡೆಯುವವರು ಅದನ್ನು ಒಪ್ಪಿರಬೇಕು.

ಕೊಡುವವರ ಮುಪ್ಪಿನ ಊಟ, ಔಷಧಿ, ಆಸ್ಪತ್ರೆಯ ದುಡ್ಡನ್ನು ಮುಟ್ಟಿ ಕೊಡಬಾರದು. ಆಸ್ತಿಯನ್ನೇ ಬರೆದುಕೊಡುವ ಹಿರಿಯರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಆಸರೆಯಾಗಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಟ್ಟು ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದಕ್ಕೆ ಎಡೆಯಿರುವುದಿಲ್ಲ. ಮುದ್ದಿನ ಮೊಮ್ಮಗನ ಮುಂದೆ ಇದನ್ನು ಬರೆಸಲು ಮುಜುಗರವಾಗುತ್ತದೆ, ಆದರೂ ಬರೆಸಬೇಕು.

ಎಲ್ಲವನ್ನೂ ಉಯಿಲಿಗೆ ಬಿಟ್ಟವರ ದುಡ್ಡು ಕೈಸೇರುವ ಹೊತ್ತಿಗೆ ಮೊಮ್ಮಕ್ಕಳ ಕಿವಿಯ ಬಳಿ ನರೆ ಮೂಡಿರುತ್ತದೆ, ಅವರ ಮಕ್ಕಳೇ ಕಾಲೇಜಿನಲ್ಲಿರುತ್ತಾರೆ. ಅಡ್ವಾನ್ಸ್ ಕಟ್ಟಬೇಕಾದ್ದು ಇಪ್ಪತ್ತೆರಡಕ್ಕೆ. ಕೊಡುವ ಮನಸ್ಸಿರುವ ಹಿರಿಯರು ಈ ಸಲದ ಅಡಿಕೆ ಮಾರಿದ ವಾರವೇ ಬ್ಯಾಂಕಿಗೆ ಹೋಗಿ ಬರಲಿ.